ಬಿಸಿಲಿಗೆಂದು ಬಿಟ್ಟ ಸಂದು

ಹಳಿ ಕಾಯುವ ಕೀಮ್ಯಾನ್ ಮೂವತ್ತನಾಲ್ಕು ವರ್ಷ ಒಂದೇ ರೈಲುಹಳಿಯ ಗುಂಟ ನಡೆದವರು. ಹೆಗಲ ಮೇಲೆ ಸುತ್ತಿಗೆ. ಹಳಿ ಹಿಡಿದ ಕೀಲಿ ಸಡಿಲವಾಗಿದ್ದರೆ ಎರಡೇಟು. ರೈಲು ಬಂದಾಗ ಹಳಿಯಡಿಯ ನೀರಿನ ಮೋರಿಯ ಪಕ್ಕಕ್ಕೆ ಸರಿದು ಹಸಿರು ಬಾವುಟ ಹಿಡಿದು ನಿಲ್ಲುತ್ತಿದ್ದರು. ತಾವು ಕಾಯ್ದ ದಾರಿ ಎಂಜಿನ್ನಿನೊಳಗಿಂದ ಹೇಗೆ ಕಾಣುತ್ತದೆಂದು ಒಮ್ಮೆಯೂ ನೋಡಲಾಗಲಿಲ್ಲ. ನಿವೃತ್ತರಾದ ಮರುವರ್ಷ ಆ ಹಳಿಯನ್ನೇ ಕಿತ್ತರು. ಹೆಂಡತಿಯೂ ಅದೇ ವರ್ಷ ಹೋದರು.

ಮಗಳು ತನ್ನ ಹಳೆಯ ಕಂಪ್ಯೂಟರ್ ತಂದಿಟ್ಟು, ರೈಲು ಓಡಿಸುವ ಆಟ ತೋರಿಸಿಕೊಟ್ಟಳು. ಯಾರೋ ಪುಣ್ಯಾತ್ಮರು ಅದರಲ್ಲಿ ಆ ಮಾರ್ಗವನ್ನೇ ಕಟ್ಟಿಟ್ಟಿದ್ದರು. ಕೀಮ್ಯಾನ್ ಹೊರಟರು. ಮೋರಿಗೆ ಸ್ವಲ್ಪ ಮುಂಚೆ ರೈಲು ನಿಂತುಬಿಟ್ಟಿತು. ಫೈಲು ಕೆಟ್ಟು, ಅಲ್ಲಿಂದಾಚೆ ಒಂದಷ್ಟು ದೂರ ಹಳಿಯೇ ಮಾಯ, ಬರೀ ಹುಲ್ಲು.

“ನನ್ನ ಪಾಲಿನ ಹಳಿಯೇ ಹೋಗ್ಬೇಕಿತ್ತಾ?” ಎಂದರು, ದಿನಾ ಬಂದು ಕೂರುತ್ತಿದ್ದ ವಾಚ್ ರಿಪೇರಿಯ ಗೆಳೆಯನಿಗೆ.

“ಹೋಗಿದ್ರೆ ಹಾಕು. ಪಿಂಚಣಿ ಸುಮ್ನೆ ಕೊಡ್ತಾರಾ?”

ರಿಪೇರಿಗೆ ಆಟದಲ್ಲೇ ಬೇರೆ ಪುಟವಿತ್ತು: ಹಳಿಯ ತುಂಡು ಆರಿಸಿ, ಎಳೆದು ತಂದು, ತುದಿಗೆ ತುದಿ ಕೂರಿಸಬೇಕು. ಹನ್ನೆರಡು ದಿನ ಬೆಳಗ್ಗೆ ಎಂಟಕ್ಕೆ, ಡ್ಯೂಟಿಗೆ ಹೋದಂತೆ ಕೂತರು. ನಲವತ್ತು ತುಂಡು ಹಾಕಿದರು. ರೈಲು ಮೊದಲ ತುಂಡಿಗೇ ನಿಂತಿತು. ಎಲ್ಲ ಕಿತ್ತು ಮತ್ತೆ ಹಾಕಿದರು. ಮತ್ತೆ ನಿಂತಿತು.

ಹದಿಮೂರನೆಯ ದಿನ ಗೆಳೆಯ ಅಂಗಡಿಯ ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡು ಪರದೆಗೆ ಮೂಗು ತಾಗಿಸಿದ.

“ಇದೇನು, ತುಂಡು ತುಂಡಿಗೂ ಮಧ್ಯೆ ಸಂದು?”

“ಬಿಡದೆ ಇರೋಕಾಗುತ್ತಾ? ಬಿಸಿಲಿಗೆ ಹಳಿ ಹಿಗ್ಗಲ್ವಾ? ಸಂದಿಲ್ಲದಿದ್ರೆ ಬಿಲ್ಲಿನ ಹಾಗೆ ಬಾಗುತ್ತೆ.”

“ಇದರೊಳಗೆ ಬಿಸಿಲೆಲ್ಲಿ ಬರುತ್ತಪ್ಪ?”

ಕೀಮ್ಯಾನ್ ಕುರ್ಚಿ ಮುಂದೆಳೆದುಕೊಂಡರು. ಆಮೇಲೆ ಒಂದೊಂದೇ ಸಂದು ಮುಚ್ಚತೊಡಗಿದರು, ಕಳ್ಳಕೆಲಸ ಮಾಡುವವರ ಮುಖ ಹೊತ್ತು.

ಮಧ್ಯಾಹ್ನ ರೈಲು ಓಡಿತು. ಮೋರಿ ಹತ್ತಿರವಾದಂತೆ ಅವರು ಪರದೆಯತ್ತ ಬಾಗಿದರು. ಮೋರಿಯ ಪಕ್ಕ ಯಾರೂ ನಿಂತಿರಲಿಲ್ಲ. ರೈಲು ದಾಟಿಹೋಯಿತು.

“ಹೇಗಿತ್ತು?”

“ಚೆನ್ನಾಗಿತ್ತು,” ಎಂದರು. “ಸಂದು ಮುಚ್ಚಿದ್ವಲ್ಲ, ಟಕಟಕ ಸದ್ದಿಲ್ಲ ಅಷ್ಟೆ. ಯಾರದೋ ಊರಿನ ರೈಲಿನ ಹಾಗಿತ್ತು.”

ಆ ತಿಂಗಳೇ ಅವರು ತೀರಿಕೊಂಡರು. ಮಗಳು ಕಂಪ್ಯೂಟರನ್ನು ಗೆಳೆಯನಿಗೆ ಕೊಟ್ಟಳು. ಅವನು ಓಡಿಸಿ ನೋಡಿದಾಗ ರೈಲು ಸರಿಯಾಗಿ ಮೋರಿಯ ಮುಂದೆ ನಿಂತಿತು. ತಾವು ಬಾವುಟ ಹಿಡಿದು ನಿಲ್ಲುತ್ತಿದ್ದ ಕಡೆ ಕೀಮ್ಯಾನ್ ಒಂದು ಸಂದು ಮತ್ತೆ ಬಿಟ್ಟಿದ್ದರು.

ಮುಚ್ಚುವುದು ಹೇಗೆಂದು ಗೆಳೆಯನಿಗೆ ಗೊತ್ತು. ಮುಚ್ಚಿಲ್ಲ. ದಿನಕ್ಕೊಮ್ಮೆ ಅಲ್ಲಿಯವರೆಗೆ ಹೋಗುತ್ತಾನೆ, ನಿಲ್ಲುತ್ತಾನೆ, ಹಿಂದಿರುಗುತ್ತಾನೆ.