ಕೆಳಗಿನ ಮನೆಯ ಅಜ್ಜಿ ಕಲಿಸಿದ ಕೈಗವಸು

ಮೊನ್ನೆ ಮಗಳು ಹಳೆಯ ಸೂಟ್‌ಕೇಸು ಕೆದಕಿ ನನ್ನ ಬೆರಳಿಲ್ಲದ ಉಲ್ಲನ್ ಕೈಗವಸು ಹೊರತೆಗೆದಳು. ಒಗೆದು, ಮಾರ್ಗನ್ ಹಿಲ್‌ನ ನಮ್ಮ ಮನೆಯ ಹಿತ್ತಲಲ್ಲಿ ಹರವಿದಳು. ನೆನೆದ ಕಂಬಳಿಯ ವಾಸನೆ ಅಡುಗೆಮನೆಯವರೆಗೂ ಬಂತು. ಓಕ್ಲ್ಯಾಂಡಿನ ಆ ಅಪಾರ್ಟ್‌ಮೆಂಟು, ಕಿರುಗುಟ್ಟುವ ಮೆಟ್ಟಿಲು, ಕೆಳಗಿನ ಮನೆಯ ಅಜ್ಜಿ... ಒಲೆ ಆರಿಸಿ ಕುಳಿತುಬಿಟ್ಟೆ.

ಡಾಟ್‌ಕಾಂ ಭರಾಟೆಯ ಕಾಲ ಅದು. ದಿನಕ್ಕೊಂದು ಕಂಪನಿ ಹುಟ್ಟುತ್ತಿತ್ತು, ನನ್ನ ಗಂಡ ಅಂಥದ್ದೊಂದರಲ್ಲಿ ಮುಳುಗಿಹೋಗಿದ್ದರು. ನಾನು ಎರಡನೇ ಸಲ ಬಸುರಿ, ಹಗಲೆಲ್ಲ ಒಬ್ಬಳೇ. ಮೊದಲನೆಯದು ಐದನೇ ತಿಂಗಳಲ್ಲಿ ಹೋಗಿತ್ತು. ಅದಕ್ಕೆ ಮೂರು ವಾರ ಮೊದಲು, ಸೇಲಿನಲ್ಲಿ ಕಂಡಿತೆಂದು ಒಂದು ಹಳದಿ ಫ್ರಾಕು ತಂದಿದ್ದೆ. ಹುಟ್ಟದ ಮಗುವಿಗೆ ಬಟ್ಟೆ ತರಬಾರದೆಂದು ನಮ್ಮ ಹಾಸನದ ಕಡೆ ಯಾರನ್ನು ಕೇಳಿದರೂ ಹೇಳುತ್ತಾರೆ. ಅದಕ್ಕೂ ಇದಕ್ಕೂ ಸಂಬಂಧವಿಲ್ಲವೆಂದು ಡಾಕ್ಟರು ಹೇಳಿದರು. ನನ್ನ ತಲೆಗೆ ಹೋಗಲಿಲ್ಲ. ಬಿಸಿ ಹಾಲಿಗೆ ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರಂತೆ; ನಾನು ನೀರನ್ನೂ ಊದುತ್ತಿದ್ದೆ.

ಕೆಳಗಿನ ಮನೆಯ ಅಜ್ಜಿ ಅಮೆರಿಕದವರೇ; ಅವರ ಅಜ್ಜಿ ಸ್ವೀಡನ್ನಿನಿಂದ ಬಂದವರಂತೆ. ಅವರ ಕಾಲದ ಹೆಣಿಗೆಯ ನಮೂನೆಗಳನ್ನು ಈ ಅಜ್ಜಿ ಚೌಕುಳಿ ಹಾಳೆಯ ಮೇಲೆ ಬರೆದಿಟ್ಟುಕೊಂಡಿದ್ದರು. ನನ್ನ ಹೊಟ್ಟೆ ಕಾಣತೊಡಗಿದ ವಾರವೇ ಮೆಟ್ಟಿಲು ಹತ್ತಿ ಬಂದರು. ಕೈಯಲ್ಲಿ ಸ್ವೆಟರ್ ಕಡ್ಡಿ, ಅದರ ಮೇಲೆ ಬಿಳಿ ಉಲ್ಲನ್ನಿನಲ್ಲಿ ಕೆಂಪು ನಕ್ಷತ್ರಗಳ ಪುಟ್ಟ ಪಟ್ಟಿ. ಮಗುವಿನ ಕೈಗವಸಿಗೆ ಶುರು ಮಾಡಿದ್ದೇನೆ ಎಂದರು.

ನನ್ನ ಕೈಕಾಲು ತಣ್ಣಗಾದವು. ನಮ್ಮಲ್ಲಿ ಮುಂಚೆಯೇ ಏನೂ ಮಾಡಬಾರದು ಎಂದೆ. ಫ್ರಾಕಿನ ಕಥೆಯನ್ನೂ ಹೇಳಿ ಅತ್ತೆ. ಅವರು ಕಡ್ಡಿ ಎಳೆದು, ದಾರ ಹಿಡಿದು ಬಿಚ್ಚತೊಡಗಿದರು. ಒಂದೊಂದು ಸಾಲೂ ಸರ್ರನೆ ಬಿಚ್ಚಿಕೊಂಡಿತು. ಹೆಣೆಯುವುದಕ್ಕಿಂತ ಅದು ದೊಡ್ಡ ಅಪಶಕುನ ಅನ್ನಿಸಿ, "ಬೇಡ, ಬಿಚ್ಚಬೇಡಿ!" ಎಂದು ಕೂಗಿಬಿಟ್ಟೆ.

"ಹೆಣೆಯೋ ಹಾಗೂ ಇಲ್ಲ, ಬಿಚ್ಚೋ ಹಾಗೂ ಇಲ್ಲ. ಮತ್ತೇನು ಮಾಡೋಣ?" ಎಂದರು ಅಜ್ಜಿ ಇಂಗ್ಲಿಷಿನಲ್ಲಿ, ನಗು ತಡೆದುಕೊಂಡು.

ಉಳಿದ ಸಾಲನ್ನು ಮತ್ತೆ ಕಡ್ಡಿಗೆ ಏರಿಸಿದರು. ಮಗು ಬಂದ ದಿನ ನೀನು ಹೇಳು, ಮುಂದುವರಿಸುತ್ತೇನೆ ಎಂದರು. ಆಮೇಲೆ ನನ್ನ ತಣ್ಣನೆಯ ಕೈ ಹಿಡಿದು, ನಿನ್ನ ಕೈಗೆ ಹೆಣೆದುಕೊಳ್ಳಲು ಯಾರ ಅಡ್ಡಿಯೂ ಇಲ್ಲವಲ್ಲ ಎಂದರು. ಮರುದಿನದಿಂದ ಪಾಠ. ಚೌಕುಳಿ ಹಾಳೆ ನನಗೆ ಚುಕ್ಕಿ ರಂಗೋಲಿಯ ಹಾಗೇ ಕಂಡಿತು, ಬೇಗ ಹಿಡಿತ ಸಿಕ್ಕಿತು. ಭಯಕ್ಕೆ ದಾರ ಬಿಗಿ ಎಳೆದು ಎಡಗೈಯದನ್ನು ಕೂಸಿನ ಅಳತೆಗೆ ತಂದಿಟ್ಟೆ. ಅದನ್ನು ಬಿಚ್ಚುವಾಗ ಮಾತ್ರ ಅಜ್ಜಿ ನನ್ನ ಮುಖ ನೋಡಿ ಅಪ್ಪಣೆ ಕೇಳಿದರು. ಐದನೇ ತಿಂಗಳು ದಾಟಿತು, ಏಳಾಯಿತು. ಮಗು ಒದೆಯದ ಮಧ್ಯಾಹ್ನಗಳಲ್ಲಿ ಕಡ್ಡಿ ಕೈಲಿಟ್ಟುಕೊಂಡೇ ಕೆಳಗೆ ಓಡುತ್ತಿದ್ದೆ.

ನನಗೆ ಒಂಬತ್ತು ತುಂಬುವ ಹೊತ್ತಿಗೆ ಅಜ್ಜಿ ಬಿದ್ದು ಸೊಂಟ ಮುರಿದುಕೊಂಡರು. ಅವರ ಮಗ ಡ್ಯಾನ್‌ವಿಲ್‌ನ ತನ್ನ ಮನೆಗೆ ಕರೆದುಕೊಂಡು ಹೋದ. ಹೆಣ್ಣು ಮಗು ಹುಟ್ಟಿದ ದಿನ ಫೋನು ಮಾಡಿದೆ. ವಾರದೊಳಗೆ ಅಜ್ಜಿಯೇ ಫೋನು ಮಾಡಿದರು. ಕೈಗವಸು ಮುಗಿದಿದೆ, ನಾನೇ ತೊಡಿಸಬೇಕು, ಕರೆದುಕೊಂಡು ಬಾ ಎಂದರು. ಮೂರು ತಿಂಗಳು ತುಂಬಲಿ, ನಮ್ಮಲ್ಲಿ ಅಲ್ಲಿಯವರೆಗೆ ಕೂಸನ್ನು ಹೊರಗೆ ಒಯ್ಯುವುದಿಲ್ಲ ಎಂದೆ. "ಸರಿ ಮಗಳೇ, ನೀನು ಹೇಳಿದ ದಿನ" ಎಂದರು.

ಬಾಣಂತನಕ್ಕೆ ಬಂದಿದ್ದ ಅಮ್ಮ ಕೇಳಿಸಿಕೊಂಡಿದ್ದರು. "ಹೋಗ್ ತೋರಿಸ್ಕೊಂಡ್ ಬಾರೇ. ವಯಸ್ಸಾದೋರು ಆಸೆ ಪಡ್ತಿದಾರೆ. ಬಂದ್ಮೇಲೆ ದೃಷ್ಟಿ ತೆಗೆದ್ರಾಯ್ತು" ಎಂದರು. ಶಾಸ್ತ್ರ ಕಲಿಸಿದವರೇ ಬಿಟ್ಟುಕೊಟ್ಟರೂ ನಾನು ಬಿಡಲಿಲ್ಲ. ಫ್ರೀವೇಯಲ್ಲಿ ಅರ್ಧ ಗಂಟೆಯ ದಾರಿ. ಗಾಳಿ, ನೆಗಡಿ, ಯಾರದೋ ಕಣ್ಣು... ದಿನಕ್ಕೊಂದು ನೆವ ಹೂಡಿದೆ.

ಮಗುವಿಗೆ ಎರಡು ತಿಂಗಳು ತುಂಬಿ ನಾಲ್ಕು ದಿನವಾಗಿತ್ತು. ಅಜ್ಜಿಯ ಮಗ ಫೋನು ಮಾಡಿ, ಅಮ್ಮ ನಿದ್ದೆಯಲ್ಲೇ ಹೋದರು ಎಂದ. ಅವನು ಅಂಚೆಯಲ್ಲಿ ಕಳಿಸಿದ ಕೈಗವಸು ಮಗುವಿನ ಕೈಗೆ ಬಿಗಿಯಾಯಿತು. ಅಷ್ಟು ಬೆಳೆದುಬಿಟ್ಟಿದ್ದಳು. ನನ್ನ ಭಯ ಮಗುವನ್ನು ಕಾಯಲಿಲ್ಲ, ಅಜ್ಜಿಯನ್ನು ಕಾಯಿಸಿತು ಅಷ್ಟೇ. ಮಗು ತನ್ನ ಪಾಡಿಗೆ ತಾನು ಚೆನ್ನಾಗಿತ್ತು. ನನಗೆ ಇಂದಿಗೂ ನಾಚಿಕೆಯಾಗುತ್ತದೆ.

ಇದನ್ನೆಲ್ಲ ಮೊನ್ನೆ ಮೊದಲ ಸಲ ಮಗಳಿಗೆ ಹೇಳಿದೆ. ಅವಳು, "ಸೋ, ಶೀ ನೆವರ್ ಗಾಟ್ ಟು ಸೀ ಮಿ?" ಎಂದಳು.

"ಇಲ್ಲ ಪುಟ್ಟಿ," ಎಂದೆ. "ನಾನು ತೋರಿಸ್ಲಿಲ್ಲ."