ದಡ್ಡರ ಮಹಡಿಯ ಟೀಚರ್

ಹಾಸಿಗೆ ಹೊಲಿಯುವವನ ಅಂಗಡಿಯ ಮೇಲೆ ಒಂದು ಉದ್ದನೆಯ ಕೋಣೆ. ಅದಕ್ಕೊಂದು ಶಾಲೆಯ ಹೆಸರಿತ್ತು, ಬಾಗಿಲ ಮೇಲೆ ಬೋರ್ಡೂ ಇತ್ತು. ಆದರೆ ಊರ ಬಾಯಲ್ಲಿ ಅದು ‘ದಡ್ಡರ ಮಹಡಿ’. ಬೇರೆ ಶಾಲೆಗಳಲ್ಲಿ ಎರಡು ಸಲ, ಮೂರು ಸಲ ನಪಾಸಾಗಿ, ‘ನಿಮ್ಮ ಮಗುವನ್ನ ಬೇರೆಲ್ಲಾದ್ರೂ ಸೇರಿಸಿ’ ಎಂದು ಹೇಳಿಸಿಕೊಂಡವರು ಕೊನೆಗೆ ಹತ್ತುತ್ತಿದ್ದದ್ದು ಆ ಮೆಟ್ಟಿಲು. ಇಪ್ಪತ್ತಮೂರು ವರ್ಷ ಅಲ್ಲಿ ಕಲಿಸಿದವರು ಒಬ್ಬರೇ ಟೀಚರ್. ಅವರ ಬಗ್ಗೆ ಬರೆಯಲು ನನಗಿರುವ ಯೋಗ್ಯತೆ ಎಂದರೆ ನಾನೂ ಆ ಮೆಟ್ಟಿಲು ಹತ್ತಿದವಳು. ಇದನ್ನು ಹದಿನೇಳು ವರ್ಷ ಯಾರಿಗೂ ಹೇಳಿರಲಿಲ್ಲ.

ಅದಕ್ಕೂ ಮೊದಲು ಅವರು ದೊಡ್ಡ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಿದ್ದರಂತೆ. ಅಲ್ಲಿ ಹತ್ತನೇ ತರಗತಿಯ ಫಲಿತಾಂಶ ವರ್ಷ ವರ್ಷವೂ ನೂರಕ್ಕೆ ನೂರು. ಗುಟ್ಟು ದೊಡ್ಡದೇನಲ್ಲ. ಪಾಸಾಗುವುದು ಅನುಮಾನ ಎನಿಸಿದವರನ್ನು ಒಂಬತ್ತರಲ್ಲೇ ಸಾಗಹಾಕುತ್ತಿದ್ದರು. ಅಕ್ಷರ ದುಂಡಗಿದೆ ಎಂದು ಆ ಪಟ್ಟಿ ಬರೆಯುವ ಕೆಲಸ ಇವರಿಗೇ ಬೀಳುತ್ತಿತ್ತು. ಒಂದು ವರ್ಷ ಒಂಬತ್ತು ಹೆಸರು ಬರೆದುಕೊಟ್ಟು ಮನೆಗೆ ಹೋದವರು ಮಾರನೆಯ ದಿನ ಕೆಲಸ ಬಿಟ್ಟರು. ಮದುವೆಯಾಗಿರಲಿಲ್ಲ, ಅಣ್ಣನ ಮನೆಯಲ್ಲಿದ್ದರು. ತನ್ನ ಅನ್ನಕ್ಕೆ ತಾನೇ ಕಲ್ಲು ಹಾಕಿಕೊಂಡಳು ಎಂದು ಅತ್ತಿಗೆ ಆಡಿಕೊಂಡಾಗ, ಆ ಮಹಡಿಯ ಹಿಂಬದಿಯ ಕೋಣೆಗೇ ಬಂದು ಇದ್ದುಬಿಟ್ಟರು. ಮುಂದಿನ ಕೋಣೆಯಲ್ಲಿ ಶಾಲೆ ತೆರೆದು, ಆ ಒಂಬತ್ತು ಮಕ್ಕಳ ಮನೆಗೂ ಹೋಗಿ ಕರೆದರು. ಮೂವರು ಬಂದರು.

ನಾನು ಹೋದಾಗ ನನಗೆ ಹದಿಮೂರು. ಪುಸ್ತಕ ತೆರೆದರೆ ಅಕ್ಷರಗಳೆಲ್ಲ ಇರುವೆಗಳ ಹಾಗೆ ಜಾಗ ಬದಲಿಸುತ್ತಿದ್ದವು. ಓದು ನನ್ನ ಪಾಲಿಗೆ ಕಬ್ಬಿಣದ ಕಡಲೆಯೇ ಸರಿ.

“ನಿಂಗೆ ಏನು ಬರುತ್ತೆ?” ಎಂದು ಟೀಚರ್ ಕೇಳಿದರು.

“ಏನೂ ಬರಲ್ಲ.”

“ಇಲ್ಲಿಗೆ ಯಾವ ಬಸ್ಸಲ್ಲಿ ಬಂದೆ?”

ನಮ್ಮಪ್ಪ ಬಸ್ ಕಂಡಕ್ಟರ್. ಆ ಪ್ರಶ್ನೆ ಕೇಳಿದ್ದೇ ತಡ, ಯಾವ ಬಸ್ಸು, ಎಷ್ಟು ಗಂಟೆಗೆ, ಎಲ್ಲಿ ನಿಲ್ಲುತ್ತದೆ, ಯಾವ ಡ್ರೈವರು ಎಲ್ಲಿ ಟೀ ಕುಡಿಯಲು ಇಳಿದು ಹತ್ತು ನಿಮಿಷ ತಡಮಾಡುತ್ತಾನೆ, ಎಲ್ಲ ಒಪ್ಪಿಸಿದೆ.

“ಹಾಗಾದ್ರೆ ಈ ವಾರ ನೀನೇ ಟೀಚರ್. ನಮಗೆಲ್ಲ ಬಸ್ಸು ಕಲಿಸು,” ಎಂದರು.

ಹೊಸದಾಗಿ ಬಂದವರು ಮೊದಲ ವಾರ ಉಳಿದವರಿಗೆ ಪಾಠ ಹೇಳಬೇಕು ಎನ್ನುವುದು ಅಲ್ಲಿಯ ಪದ್ಧತಿ. ಸೀಮೆಸುಣ್ಣ ಹಿಡಿದು ಊರುಗಳ ಹೆಸರು ಬರೆದೆ. ಹಿಂದುಮುಂದಾಗಿ ಬರೆದರೆ ಯಾರೂ ನಗಲಿಲ್ಲ, ಏಕೆಂದರೆ ಅವರೂ ಹಾಗೇ ಬರೆಯುವವರು. ಟೀಚರ್ ಚಾಪೆಯ ಮೇಲೆ ಮಕ್ಕಳ ಸಾಲಿನಲ್ಲಿ ಕೂತು ನೋಟ್ಸ್ ಮಾಡಿಕೊಂಡರು. ಮಧ್ಯೆ ಕೈಯೆತ್ತಿ ಅನುಮಾನವನ್ನೂ ಕೇಳಿದರು. ಮೂರು ವರ್ಷ ಅಲ್ಲಿದ್ದು, ಖಾಸಗಿಯಾಗಿ ಪರೀಕ್ಷೆ ಕಟ್ಟಿ ಪಾಸಾದೆ. ಈಗ ಬಸ್ ಡಿಪೋದಲ್ಲಿ ವೇಳಾಪಟ್ಟಿ ತಯಾರಿಸುವ ಕೆಲಸ ನನ್ನದು.

ಅಲ್ಲಿ ಇನ್ನೂ ಒಂದು ನಿಯಮವಿತ್ತು. ಮೊದಲ ವರ್ಷ ಪಾಸಾಗಿ ಹೋದ ಹುಡುಗನೊಬ್ಬ ಹೊಸ ಕಾಲೇಜಿನ ಗೆಳೆಯರ ಜೊತೆ ರಸ್ತೆಯಲ್ಲಿ ನಿಂತಿದ್ದನಂತೆ. ಟೀಚರ್ ಖುಷಿಯಿಂದ ಹೋಗಿ ಮಾತಾಡಿಸಿದರು. ಅವರು ಯಾರು, ಇವನಿಗೆ ಹೇಗೆ ಗೊತ್ತು ಎಂದು ಗೆಳೆಯರು ಕೆದಕಿದರು. ವಾರದೊಳಗೆ ಅವನ ಹೆಸರು ‘ಮಹಡಿ’ ಎಂದಾಯಿತು, ತಿಂಗಳೊಳಗೆ ಅವನು ಕಾಲೇಜು ಬಿಟ್ಟ. ಟೀಚರ್ ಅದನ್ನು ತಮ್ಮ ತಪ್ಪೆಂದೇ ತಿಳಿದರು. ಅಲ್ಲಿಂದ ಮುಂದೆ ಹೋಗುವ ಪ್ರತಿ ಮಗುವಿಗೂ ಒಂದೇ ಮಾತು: “ಹೊರಗೆ ನಾನು ಸಿಕ್ಕರೆ ಮಾತಾಡಿಸಬೇಡ. ನಾನೂ ಮಾತಾಡಿಸಲ್ಲ. ನೀನು ಇಲ್ಲಿಗೆ ಬಂದಿರಲೇ ಇಲ್ಲ.” ಹಾಜರಿ ಪುಸ್ತಕದಲ್ಲಿ ಹೆಸರನ್ನು ಪೆನ್ಸಿಲಿನಲ್ಲಿ ಬರೆಯುತ್ತಿದ್ದರು. ಹೋಗುವ ದಿನ ನಮ್ಮ ಕಣ್ಣೆದುರೇ ರಬ್ಬರಿನಿಂದ ಅಳಿಸುತ್ತಿದ್ದರು. ನನ್ನ ಹೆಸರು ಅಳಿಸಿ ಪುಡಿಯನ್ನು ಊದಿದಾಗ ನನಗೆ ಎಷ್ಟು ಹಗುರವಾಯಿತೆಂದರೆ, ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ.

ಆ ನಿಯಮವನ್ನು ನಾನು ಚಾಚೂ ತಪ್ಪದೆ ಪಾಲಿಸಿದೆ. ಮಾರ್ಕೆಟ್ಟಿನಲ್ಲಿ ಅವರು ತರಕಾರಿ ಆರಿಸುತ್ತಿದ್ದರೆ ನಾನು ಪಕ್ಕದ ಸಾಲಿಗೆ ಸರಿಯುತ್ತಿದ್ದೆ. ಒಮ್ಮೆ ಜ್ವರ ಬಂದವರಂತೆ ಗೋಡೆ ಹಿಡಿದು ನಿಂತಿದ್ದರು. ಆಗಲೂ ದಾಟಿಕೊಂಡು ಹೋದೆ. ನನ್ನ ಮದುವೆಗೆ ಕರೆಯಲಿಲ್ಲ. ಇನ್ನೂರಕ್ಕೂ ಹೆಚ್ಚು ಮಕ್ಕಳನ್ನು ದಡ ಮುಟ್ಟಿಸಿದವರನ್ನು ಇಡೀ ಊರಿನಲ್ಲಿ ಮಾತಾಡಿಸುತ್ತಿದ್ದವನು ಕೆಳಗಿನ ಹಾಸಿಗೆಯವನೊಬ್ಬನೇ. ಅವನೂ ಹತ್ತಿಯ ಧೂಳಿಗೆ ಕೆಮ್ಮುತ್ತ, ಮಾತಿಗಿಂತ ಕೆಮ್ಮೇ ಜಾಸ್ತಿ.

ಕಳೆದ ವರ್ಷ ಶಿಕ್ಷಣ ಇಲಾಖೆಯವರು ಆ ಬಾಗಿಲಿಗೆ ನೋಟೀಸು ಅಂಟಿಸಿದರು. ಅಲ್ಲಿ ಓದಿ ಪಾಸಾದವರಲ್ಲಿ ಹತ್ತು ಜನ ಇಂಥ ದಿನ ಕಚೇರಿಗೆ ಖುದ್ದಾಗಿ ಬಂದು ಹೇಳಬೇಕು, ಇಲ್ಲದಿದ್ದರೆ ಶಾಲೆ ಮುಚ್ಚಬೇಕು. ಆಗ ಅಲ್ಲಿ ಆರು ಮಕ್ಕಳಿದ್ದರು. ಬೇರೆಲ್ಲ ಶಾಲೆಗಳ ಬಾಗಿಲು ತಟ್ಟಿ ಬಂದ ಮಕ್ಕಳು, ಹೋಗಲು ಇನ್ನೊಂದು ಜಾಗವಿಲ್ಲ.

ನಮ್ಮ ಮನೆಗೆ ಆ ಸುದ್ದಿ ತಂದದ್ದು ನಮ್ಮತ್ತೆ. ಅವರು ನಿವೃತ್ತ ಮುಖ್ಯೋಪಾಧ್ಯಾಯಿನಿ. ಊಟಕ್ಕೆ ಕೂತಾಗ, “ಆ ದಡ್ಡರ ಮಹಡಿ ಮುಚ್ತಾರಂತೆ. ಹೋಗ್ಲಿ ಬಿಡು. ಅಲ್ಲಿ ಓದಿ ಉದ್ಧಾರ ಆದವರನ್ನ ನಾನಂತೂ ಒಬ್ಬರನ್ನೂ ನೋಡಿಲ್ಲ,” ಎಂದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಯಾರೂ ಕೇಳದ ಉಪ್ಪನ್ನು ತರಲು ಎದ್ದು ಒಳಗೆ ಹೋದೆ.

ಎರಡು ದಿನ ನಿದ್ದೆ ಬರಲಿಲ್ಲ. ಮೂರನೆಯ ದಿನ ಡಿಪೋದಿಂದ ನೇರ ಆ ಮೆಟ್ಟಿಲು ಹತ್ತಿದೆ. ಮಕ್ಕಳು ಹೋಗಿಯಾಗಿತ್ತು. ಟೀಚರ್ ಒಬ್ಬರೇ ಕಿಟಕಿಯ ಬಳಿ ಕೂತು ಒಂದೇ ತಟ್ಟೆ ತೊಳೆದು ಒರೆಸುತ್ತಿದ್ದರು. ಕೂದಲು ಪೂರ್ತಿ ನೆರೆತಿತ್ತು.

“ಯಾರು ಬೇಕಿತ್ತು?” ಎಂದರು.

“ಟೀಚರ್, ನಾನು…”

“ಗೊತ್ತು. ನೀನಾಗಿ ಹೇಳೋ ತನಕ ನಾನು ಹೇಳಬಾರದಲ್ಲ. ಕೂತ್ಕೋ. ನಿಮ್ಮಪ್ಪ ಚೆನ್ನಾಗಿದ್ದಾರಾ?”

ಅಪ್ಪ ಹೋಗಿ ನಾಲ್ಕು ವರ್ಷವಾಗಿತ್ತು. ಹೇಳಿದೆ. ಅವರು ತಟ್ಟೆಯನ್ನು ಪಕ್ಕಕ್ಕಿಟ್ಟರು.

“ಹಳಬರ ಹೆಸರು ಕೊಡಿ ಟೀಚರ್. ನಾನು ಒಬ್ಬೊಬ್ಬರ ಮನೆಗೂ ಹೋಗಿ ಕರ್ಕೊಂಡು ಬರ್ತೀನಿ,” ಎಂದೆ.

“ಹೆಸರು ಎಲ್ಲಿದೆ? ಅಳಿಸಿದ್ದೀನಲ್ಲ.”

“ನಿಮಗೆ ನೆನಪಿದೆ.”

“ನೆನಪಿದೆ. ಆದರೆ ಮಾತು ಕೊಟ್ಟಿದ್ದೀನಮ್ಮ. ಅವರವರ ಮನೇಲಿ ಏನು ಹೇಳ್ಕೊಂಡಿದ್ದಾರೋ, ನಾನು ಹೋಗಿ ಕೆಡಿಸಲಾ? ನಿಮ್ಮತ್ತೆಗೆ ಗೊತ್ತಾ, ನೀನು ಇಲ್ಲಿಗೆ ಬಂದಿರೋದು?”

ಗೊತ್ತಿಲ್ಲ ಎಂದೆ. ನಮ್ಮತ್ತೆ ಯಾರೆಂಬುದೂ ಅವರಿಗೆ ಗೊತ್ತಿತ್ತು. ನನ್ನ ಜೊತೆ ಓದಿದವರಲ್ಲಿ ನನಗೆ ಗೊತ್ತಿದ್ದವರು ಇಬ್ಬರು. ಒಬ್ಬಳು ಬೇರೆ ಊರಿನಲ್ಲಿದ್ದಳು. ಇನ್ನೊಬ್ಬನಿಗೆ ಫೋನ್ ಮಾಡಿದರೆ, “ರಾಂಗ್ ನಂಬರ್,” ಎಂದು ಇಟ್ಟುಬಿಟ್ಟ. ಅವನ ಮೇಲೆ ಸಿಟ್ಟು ಬಂತು. ಸಿಟ್ಟು ಮಾಡಿಕೊಳ್ಳಲು ನನಗೇನು ಹಕ್ಕಿತ್ತೋ ಗೊತ್ತಿಲ್ಲ.

ನೋಟೀಸಿನಲ್ಲಿ ಹೇಳಿದ್ದ ದಿನ ರಜೆ ಹಾಕಿ ಕಚೇರಿಗೆ ಹೋದೆ. ಮನೆಯಲ್ಲಿ ಡ್ಯೂಟಿ ಎಂದೇ ಹೇಳಿದ್ದೆ. ಪಡಸಾಲೆಯಲ್ಲಿ ಎದುರುಬದುರಾಗಿ ಎರಡು ಉದ್ದ ಬೆಂಚು, ಎರಡರ ಮೇಲೂ ಜನ. ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡವನೊಬ್ಬ, ಮಗುವನ್ನು ಮಲಗಿಸಿಕೊಂಡ ಹೆಂಗಸು, ಕೊರಳಲ್ಲಿ ಬ್ಯಾಂಕಿನ ಗುರುತಿನ ಚೀಟಿಯವನು, ಒಬ್ಬ ಟ್ರಾಫಿಕ್ ಪೊಲೀಸ್, ಹೀಗೆ. ಯಾರೂ ಯಾರ ಜೊತೆಗೂ ಮಾತಾಡುತ್ತಿರಲಿಲ್ಲ. ಸರ್ಕಾರಿ ಕಚೇರಿಯಲ್ಲಿ ಯಾರ್ಯಾರಿಗೆ ಏನೇನು ಕೆಲಸವೋ ಎಂದುಕೊಂಡು ಮೂಲೆಯಲ್ಲಿ ಕೂತೆ. ಇಷ್ಟು ಜನರ ಎದುರು ಎದ್ದು ಹೇಗೆ ಹೇಳುವುದು ಎಂಬುದೇ ನನ್ನ ಚಿಂತೆ. ಇನ್ನೊಬ್ಬರು ಎದ್ದರೆ ನಾನೂ ಏಳುತ್ತೇನೆ ಎಂದು ನನಗೆ ನಾನೇ ಹೇಳಿಕೊಂಡೆ.

ಹನ್ನೊಂದಕ್ಕೆ ಟೀಚರ್ ಬಂದರು. ಎರಡು ಬೆಂಚುಗಳ ನಡುವೆ, ಯಾರ ಮುಖವನ್ನೂ ನೋಡದವರಂತೆ, ನೇರ ನಡೆದು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಜವಾನ ಹೊರಗೆ ಬಂದು ಕೂಗಿದ.

“ಮಹಡಿ ಶಾಲೆ ಕಡೆಯವರು ಯಾರಾದ್ರೂ ಇದ್ದೀರಾ?”

ನಾನು ನೆಲ ನೋಡಿದೆ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಹೆಲ್ಮೆಟ್ಟಿನವನು ಹೆಲ್ಮೆಟ್ಟಿನ ಪಟ್ಟಿ ತಿರುವುತ್ತಿದ್ದ. ಜವಾನ ಇನ್ನೊಮ್ಮೆ ಕೂಗಿ, ಗೊಣಗಿಕೊಂಡು ಒಳಗೆ ಹೋದ. ಬಾಗಿಲು ಅರ್ಧ ತೆರೆದಿತ್ತು. “ಹಾಗಾದ್ರೆ ಯಾರೂ ಬಂದಿಲ್ವಾ ಮೇಡಂ?” ಎಂದು ಅಧಿಕಾರಿ ಕೇಳಿದ್ದು ಕೇಳಿಸಿತು. “ಇಲ್ಲ ಸರ್,” ಎಂದರು ಟೀಚರ್.

ಅವರು ಹೊರಗೆ ಬಂದು ಹೋದ ಮೇಲೆ ನನಗೆ ಕಾಲು ಬಂತು. ಗೇಟಿನಾಚೆ ಅವರನ್ನು ಹಿಡಿದೆ. ಬೈಯಲಿ ಎಂದುಕೊಂಡೇ ಹೋಗಿದ್ದೆ. ತಿರುಗಿದ ಮುಖ ನೋಡಿದರೆ, ಅಷ್ಟು ಸಂತೋಷವನ್ನು ನಾನು ಅವರ ಮುಖದಲ್ಲಿ ಎಂದೂ ಕಂಡಿರಲಿಲ್ಲ.

“ಹದಿನಾಲ್ಕು ಜನ ಬಂದಿದ್ರು ಕಣೇ,” ಎಂದರು. “ಆ ಬೆಂಚಲ್ಲಿ ಕೂತಿದ್ದೋರೆಲ್ಲ ನಮ್ಮವರೇ. ಆ ಪೊಲೀಸಿನವನಿದ್ದನಲ್ಲ, ಅವನು ಮೊದಲನೇ ವರ್ಷದವನು.”

“ಕರೀಬಹುದಿತ್ತಲ್ಲ ಟೀಚರ್. ಒಂದು ಮಾತು ಹೇಳಿದ್ರೆ ಎಲ್ಲ ಎದ್ದು ನಿಲ್ತಿದ್ವಿ.”

“ನಾನು ಕರೆದು ಒಬ್ಬ ಹಾಳಾಗಿದ್ದು ಸಾಕು,” ಎಂದು ನಕ್ಕು, ನನ್ನ ಬೆನ್ನು ತಟ್ಟಿ, ರಸ್ತೆ ದಾಟಿ ಹೊರಟುಹೋದರು.

ನಾನು ಮೆಟ್ಟಿಲು ಹತ್ತಿ ಮತ್ತೆ ಕಚೇರಿಯ ಪಡಸಾಲೆಗೆ ಓಡಿದೆ. ಬೆಂಚುಗಳು ಖಾಲಿ. ಒಬ್ಬೊಬ್ಬರೂ, ತಾವೊಬ್ಬರೇ ಬಂದಿದ್ದು ಎಂದುಕೊಂಡು, ಒಬ್ಬೊಬ್ಬರಾಗಿ ಇಳಿದು ಹೋಗಿದ್ದರು. ಅಧಿಕಾರಿಯ ಮುಂದೆ ನಿಂತು, ನಾನು ಆ ಶಾಲೆಯಲ್ಲಿ ಓದಿದವಳು ಎಂದೆ. ಜೀವನದಲ್ಲಿ ಮೊದಲ ಸಲ ಆ ವಾಕ್ಯ ಬಾಯಿಂದ ಬಂತು. ಕೆಟ್ಟ ಮನುಷ್ಯನಲ್ಲ ಆತ.

“ಈಗ ತಾನೇ ಸಹಿ ಹಾಕಿ ಕಳಿಸಿದೆನಲ್ಲಮ್ಮ. ಆಗಲೇ ಬರಬಾರದಿತ್ತಾ?” ಎಂದರು.

“ಆಗಲೇ ಬಂದಿದ್ದೆ ಸರ್,” ಎಂದೆ. ಅವರಿಗೆ ಅರ್ಥವಾಗಲಿಲ್ಲ.

ಈಗ ಆ ಕೋಣೆಯಲ್ಲಿ ಹಾಸಿಗೆಯವನು ಹತ್ತಿಯ ಮೂಟೆ ತುಂಬಿದ್ದಾನೆ. ಟೀಚರ್ ಹಿಂಬದಿಯ ಕೋಣೆಯಲ್ಲೇ ಇದ್ದಾರೆ. ವಾರಕ್ಕೊಮ್ಮೆ ಹೋಗುತ್ತೇನೆ, ಅತ್ತೆಗೆ ಹೇಳಿಯೇ ಹೋಗುತ್ತೇನೆ. ಹೋದಾಗಲೆಲ್ಲ ಟೀಚರ್ ಆ ಹದಿನಾಲ್ಕು ಜನರ ಮಾತೇ ಆಡುತ್ತಾರೆ, ಯಾರು ದಪ್ಪಗಾಗಿದ್ದರು, ಯಾರ ಮಗು ಎಷ್ಟು ಮುದ್ದಾಗಿತ್ತು ಎಂದು. ಕಡೆಯಲ್ಲಿದ್ದ ಆರು ಮಕ್ಕಳ ಮಾತನ್ನು ಅವರೂ ಎತ್ತುವುದಿಲ್ಲ, ನಾನೂ ಎತ್ತುವುದಿಲ್ಲ. ಆರರಲ್ಲಿ ಒಂದು ಮಗುವೂ ಮತ್ತೆ ಯಾವ ಶಾಲೆಗೂ ಸೇರಲಿಲ್ಲ.