ಗಾಳಿ ವಕೀಲರ ಕಂಪ್ರೆಸ್ಸರ್

ಹಾನಗಲ್ಲಿನ ಶ್ರೀಪಾದರಾಯರು ವಕೀಲರು ಎಂಬುದಕ್ಕೆ ಅವರ ಮನೆಯ ಬಾಗಿಲ ಮೇಲಿನ ಫಲಕವೊಂದೇ ಗಟ್ಟಿ ಸಾಕ್ಷಿಯಾಗಿತ್ತು. ಕೋರ್ಟಿಗೆ ದಿನವೂ ಹೋಗುತ್ತಿದ್ದರು, ಕರಿ ಕೋಟು ಹಾಕುತ್ತಿದ್ದರು, ವಕೀಲರ ಕೋಣೆಯ ಕಿಟಕಿಯ ಪಕ್ಕ ಕೂತು ಚಹಾ ಕುಡಿಯುತ್ತಿದ್ದರು. ಕಕ್ಷಿದಾರರು ಮಾತ್ರ ಅವರಿಗೆ ನಮಸ್ಕಾರ ಹೇಳಿ ಒಳಗಿನ ಕುರ್ಚಿಗಳತ್ತ ಹೋಗುತ್ತಿದ್ದರು. ಅವರ ತಂದೆ ನ್ಯಾಯಶಾಸ್ತ್ರದ ಪಂಡಿತರು. ವಾದಕ್ಕೆ ನಿಂತರೆ ಎದುರಿನವರನ್ನು ನಾಲ್ಕು ಮಾತಿನಲ್ಲಿ ಕೂರಿಸುತ್ತಿದ್ದರಂತೆ. ಮಗನಿಗೆ ವಾದದ ಹುಚ್ಚು ಬಂದಿತ್ತು. ಕೂರಿಸುವ ಕಲೆ ಬಂದಿರಲಿಲ್ಲ.

೧೯೭೩ರ ಬೇಸಿಗೆಯಲ್ಲಿ ರಾಯರು ಸವಣೂರಿಗೆ ಬಳಗದವರ ಮುಂಜಿವೆಗೆ ಹೋದರು. ಮರಳಿ ಬಂದದ್ದು ಬಾಡಿಗೆ ಟ್ರ್ಯಾಕ್ಟರಿನಲ್ಲಿ. ಹಿಂದಿನ ಟ್ರೇಲರಿನಲ್ಲಿ ತುಕ್ಕು ಹಿಡಿದ, ಎಮ್ಮೆ ಗಾತ್ರದ ಒಂದು ಕಬ್ಬಿಣದ ವಸ್ತುವಿತ್ತು. ಮುಚ್ಚಿಹೋದ ಮೋಟಾರು ಗ್ಯಾರೇಜೊಂದರ ಹಿತ್ತಿಲಲ್ಲಿ, ಎಕ್ಕೆಗಿಡಗಳ ನಡುವೆ ಅದನ್ನು ಕಂಡು ರಾಯರು ಊಟದ ಪಂಕ್ತಿಯನ್ನೂ ಮರೆತಿದ್ದರು. ಅದು ಹಳೆಯ ಕಾಲದ ಏರ್ ಕಂಪ್ರೆಸ್ಸರ್. ಗಾಳಿಯನ್ನು ಎಳೆದು, ಅದುಮಿ, ಉಕ್ಕಿನ ಟಾಕಿಯಲ್ಲಿ ಕೂಡಿಡುವ ಯಂತ್ರ. ಓಣಿಯ ಜನಕ್ಕೆ ಇದು ತಿಳಿಯದೆ, ನವಾಬರ ಕಾಲದ ಫಿರಂಗಿ ಬಂದಿದೆ ಎಂದು ಸುದ್ದಿಯಾಯಿತು. ಕೆಲವರು ದೂರದಿಂದಲೇ ಕೈಮುಗಿದು ಹೋದರು.

ಹೆಂಡತಿ ಪದ್ಮಾಬಾಯಿ ಕೈಮುಗಿಯಲಿಲ್ಲ.

"ಏನ್ರೀ ಇದು? ಮುಂಜಿವಿಗೆ ಹೋದವರು ತಾಂಬೂಲ ತರೂದು ಬಿಟ್ಟು ಇದನ್ನ ತಂದೀರಿ?"

"ಪದ್ಮಾ, ಇದು ಇಂಗ್ಲಂಡಿನಿಂದ ಬಂದದ್ದು."

"ಬಂದದ್ದು ಖರೆ. ವಾಪಸ್ ಹೋಗೂದು ಯಾವಾಗ?"

ವಿಲಾಯತಿಯಲ್ಲಿ ಸಭ್ಯ ಗೃಹಸ್ಥರೆಲ್ಲ ಮನೆಯಲ್ಲೇ ಒಂದು ಕಾರ್ಯಾಗಾರ ಇಟ್ಟುಕೊಂಡಿರುತ್ತಾರೆಂದು ರಾಯರು ಯಾವುದೋ ಇಂಗ್ಲಿಷ್ ಮಾಸಪತ್ರಿಕೆಯಲ್ಲಿ ಓದಿದ್ದರು. ತಂದೆಯವರು ಶಿಷ್ಯರಿಗೆ ಪಾಠ ಹೇಳುತ್ತಿದ್ದ ಕೋಣೆ ಹೇಗೂ ಖಾಲಿ ಬಿದ್ದಿತ್ತು. ಅಲ್ಲಿ ಒಂದು ಗರಗಸ, ಎರಡು ಸುತ್ತಿಗೆ, ಒಂದು ಇಕ್ಕಳ ತೂಗುಹಾಕಿ, ನಡುವೆ ಕಂಪ್ರೆಸ್ಸರನ್ನು ಪ್ರತಿಷ್ಠಾಪಿಸಿದರು. ಅದರ ಮೈಮೇಲಿನ ಹಿತ್ತಾಳೆ ತಗಡನ್ನು ಹುಣಸೆಹಣ್ಣಿನಿಂದ ತಿಕ್ಕಿ, ಮೂಡಿದ ಇಂಗ್ಲಿಷ್ ಅಕ್ಷರಗಳನ್ನು ಬಂದವರಿಗೆಲ್ಲ ಓದಿ ಅರ್ಥ ಹೇಳತೊಡಗಿದರು.

ರಿಪೇರಿಗೆ ಸಿಕ್ಕವನು ಆಡೂರಿನ ನೀಲಪ್ಪ. ಶಿಗ್ಗಾಂವಿಯ ಒಂದು ಖಾಸಗಿ ಬಸ್ ಕಂಪನಿಯಲ್ಲಿ ತಾನು ಹೆಡ್ ಮೆಕ್ಯಾನಿಕ್ ಆಗಿದ್ದೆನೆಂದು ಆತ ಹೇಳುತ್ತಿದ್ದ. ಆ ಕಂಪನಿಯಲ್ಲಿ ದುಡಿದವರು, ಅವನು ಕ್ಲೀನರ್ ಆಗಿದ್ದ ಎನ್ನುತ್ತಿದ್ದರು. ಯಂತ್ರದ ಸುತ್ತ ಪ್ರದಕ್ಷಿಣೆ ಹಾಕಿ ಅವನು ತೀರ್ಪು ಕೊಟ್ಟ.

"ಸಾವಿರ ವರ್ಷದ ಶಾಸನ ಇರೋ ಊರಾಗ ಹುಟ್ಟಿದಾಂವ ನಾನು. ಹಳೇದು ಅಂದ್ರ ನಮಗ ಹೊಸದಲ್ರಿ, ರಾಯರ."

ಈ ಮಾತಿಗೂ ಯಂತ್ರಕ್ಕೂ ಏನು ಸಂಬಂಧವೆಂದು ರಾಯರು ಕೇಳಲಿಲ್ಲ. ಇಬ್ಬರ ಜೋಡಿ ಕೂಡಿತು.

ಸಿಲಿಂಡರಿನೊಳಗೆ ಪಿಸ್ಟನ್ ಕಚ್ಚಿಕೊಂಡಿತ್ತು. ಅದನ್ನು ಬಿಡಿಸಲು ಸೀಮೆಎಣ್ಣೆಯಲ್ಲಿ ನೆನೆಹಾಕಬೇಕು. ರೇಷನ್ ಕಾರ್ಡಿನ ಸೀಮೆಎಣ್ಣೆಯೆಲ್ಲ ಯಂತ್ರದ ಹೊಟ್ಟೆಗೆ ಹೋಯಿತು. ಪದ್ಮಾಬಾಯಿ ಹೊಗೆಯೊಲೆಯ ಮುಂದೆ ಊದುಗೊಳವೆ ಹಿಡಿದು ಕೂತರು. ಗಾಳಿಯ ಯಂತ್ರಕ್ಕಾಗಿ ಮನೆಯೊಡತಿ ಬಾಯಿಂದ ಗಾಳಿ ಊದುವುದು ರಾಯರಿಗೆ ವಿಚಿತ್ರವಾಗಿ ಕಾಣಲಿಲ್ಲ. ವಾಲ್ವುಗಳನ್ನು ಗಾಜಿನ ಮೇಲಿಟ್ಟು ಮಸೆದು ನುಣುಪು ಮಾಡಿದರು. ಗಾಳಿ ಸೋರದಂತೆ ಕೊಳವೆಯ ಜೋಡಣೆಗೆ ತೊಗಲಿನ ವಾಶರು ಬೇಕಾಯಿತು. ಪಂಡಿತರ ಪಾಠದ ಕೋಣೆಯಲ್ಲಿ ತೊಗಲು ಎಂದೊಡನೆ ಪದ್ಮಾಬಾಯಿ ಬಾಗಿಲಿಗೆ ಅಡ್ಡ ನಿಂತರು.

"ಮಾವನವರು ಜಪಕ್ಕ ಕೃಷ್ಣಾಜಿನದ ಮ್ಯಾಲೆ ಕೂಡ್ತಿದ್ದರಲ್ಲ, ಅದೇನು ತೊಗಲಲ್ಲೇನು?" ಎಂದು ರಾಯರು ವಾದ ಹೂಡಿದರು. "ಇದೂ ಹಂಗ ಜಿಂಕೀದು."

"ಎಮ್ಮೀದ್ರಿ," ಎಂದ ನೀಲಪ್ಪ.

"ಸಾಕ್ಷಿದಾರ ಕೇಳಿದ್ದಕ್ಕಷ್ಟ ಉತ್ತರ ಕೊಡಬೇಕು," ಎಂದು ರಾಯರು ಅವನನ್ನು ಗದರಿದರು.

ಹೇಳಲೇಬೇಕಾದ ಸತ್ಯವೆಂದರೆ, ಮುಂದಿನ ವರ್ಷದ ಶ್ರಾವಣದಲ್ಲಿ ಯಂತ್ರ ಓಡಿತು. ಟಾಕಿಗೆ ನೀರು ತುಂಬಿ, ಒತ್ತಿ, ಎಲ್ಲೂ ಒಸರುವುದಿಲ್ಲವೆಂದು ನೋಡಿ, ಗಿಳಿಹಸಿರು ಬಣ್ಣ ಬಳಿದು, ಮೋಟಾರಿಗೆ ಪಟ್ಟಿ ಏರಿಸಿ ಸ್ವಿಚ್ ಒತ್ತಿದಾಗ ಗೋಡೆಯ ಗಿಲಾವು ಉದುರುವಂತೆ ದಡದಡ ಸದ್ದು ಎದ್ದಿತು. ಗಾಳಿಯ ಒತ್ತಡ ತೋರಿಸುವ ಮೀಟರಿನ ಮುಳ್ಳು ಮೇಲೇರಿತು. ನೀಲಪ್ಪ ಕುಣಿದ. ರಾಯರ ಕಣ್ಣು ತುಂಬಿತು. ಓಣಿಯವರು ಸೈಕಲ್ಲುಗಳಿಗೆ ಗಾಳಿ ಹಾಕಿಸಲು ಸಾಲುಗಟ್ಟಿದರು. ರಾಯರು ಅವರನ್ನೆಲ್ಲ ಅಟ್ಟಿದರು.

"ಇದು ಪಂಕ್ಚರ್ ಅಂಗಡಿ ಅಲ್ಲ, ಕಾರ್ಯಾಗಾರ!"

ಆದರೆ ಕಾರ್ಯಾಗಾರದಲ್ಲಿ ಕಾರ್ಯ ಯಾವುದು? ಪದ್ಮಾಬಾಯಿ ಒಂದು ಮಣೆ ಮಾಡಿಕೊಡಲು ಕೇಳಿದರು. ರಾಯರಿಗೆ ಗರಗಸ ಹಿಡಿದು ರೂಢಿಯಿರಲಿಲ್ಲ. ಕಲಿಯುವ ಮನಸ್ಸೂ ಇರಲಿಲ್ಲ. ಕಾನೂನಿನ ಪುಸ್ತಕಗಳ ಧೂಳು ಹಾರಿಸಲು ಗಾಳಿ ಬಿಟ್ಟರು. ಧೂಳಿನ ಜೊತೆ ಸಾಕ್ಷ್ಯ ಕಾಯ್ದೆಯ ಕೆಲವು ಹಾಳೆಗಳೂ ಹಾರಿ ಪಕ್ಕದ ಮನೆಯ ಹಿತ್ತಿಲಿಗೆ ಬಿದ್ದವು. ಕೊನೆಗೆ ಅವರಿಗೆ ಹೊಳೆದದ್ದಿಷ್ಟು: ಹಳೆಯ ಕಂಪ್ರೆಸ್ಸರನ್ನು ಸರಿಪಡಿಸುವಾಗ ಕಸ ಊದಲು, ಬಣ್ಣ ಸಿಂಪಡಿಸಲು ಒಂದು ಒಳ್ಳೆಯ ಕಂಪ್ರೆಸ್ಸರ್ ಇದ್ದರೆ ಬಹಳ ಅನುಕೂಲ. ಒಳ್ಳೆಯದು ಈಗ ಇದೆ. ಹಾಗಾದರೆ ಇನ್ನೊಂದು ಹಳೆಯದು ಬೇಕು.

ಶಿಗ್ಗಾಂವಿಯಲ್ಲಿ ನೀಲಪ್ಪನ ಹಳೆಯ ಬಸ್ ಕಂಪನಿ ಮುಚ್ಚಿದ್ದರಿಂದ ಎರಡನೆಯದು ಅಲ್ಲಿಂದ ಬಂತು. ಮೂರನೆಯದನ್ನು ಹಿರೇಕೆರೂರಿನಲ್ಲಿ ಕಲ್ಲು ಒಡೆಸುತ್ತಿದ್ದ ಕಂತ್ರಾಟುದಾರನ ವಿಧವೆ ಮುದಕವ್ವ ಕೊಟ್ಟಳು. ಅಂಗಳ ಖಾಲಿಯಾದ ಖುಷಿಗೆ ಒಯ್ಯುವವರ ಕೈಗೆ ಬೆಲ್ಲವನ್ನೂ ಇಟ್ಟಳು. ಒಂದನ್ನೊಂದು ಹುಟ್ಟಿಸುವುದೇ ಅವುಗಳ ಕೆಲಸವಾಯಿತು. ಊರು ರಾಯರಿಗೆ 'ಗಾಳಿ ವಕೀಲ' ಎಂದು ಹೆಸರಿಟ್ಟಿತು. ಯಾವ ಗಾಳಿ ಎಂಬುದನ್ನು ಕೇಳುವವರ ಕಲ್ಪನೆಗೆ ಬಿಟ್ಟಿತು.

ಕಷ್ಟ ಬಂದದ್ದು ಹಿಟ್ಟಿನ ಗಿರಣಿಯ ಹೊಳಬಸಪ್ಪನಿಂದ. ಅವನ ಗಿರಣಿ ರಾಯರ ಮನೆಗೆ ಹೊಂದಿಕೊಂಡೇ ಇತ್ತು. ಎರಡಕ್ಕೂ ಒಂದೇ ತಂತಿಯ ಕರೆಂಟು. ಒಂದು ಮುಂಜಾನೆ ಅವನು ಮೈತುಂಬ ಹಿಟ್ಟು ಮೆತ್ತಿಕೊಂಡೇ ಬಂದ.

"ರಾಯರ, ನಿಮ್ಮ ಮಷೀನ್ ಚಾಲೂ ಆತಂದ್ರ ನನ್ನ ಕಲ್ಲು ತಿರುಗೂದ ನಿಲ್ತೈತಿ. ಮಂದಿ ಹಿಟ್ಟು ಬೀಸು ಅಂದ್ರ ನುಚ್ಚು ಕೊಟ್ಟು ಕಳಿಸಾಕತ್ತೇನಿ."

"ಕರೆಂಟು ನಂದಲ್ಲ, ಹೊಳಬಸಪ್ಪ. ಸರಕಾರದ್ದು. ದಾವೆ ಹಾಕೂದಿದ್ರ ಸರಕಾರದ ಮ್ಯಾಲೆ ಹಾಕು."

ಸರಕಾರದ ಮೇಲೆ ದಾವೆ ಹಾಕುವಷ್ಟು ಹೊಳಬಸಪ್ಪ ಮಳ್ಳನಾಗಿರಲಿಲ್ಲ. ೧೯೭೯ರಲ್ಲಿ ರಾಯರ ಮೇಲೆಯೇ ಹಾಕಿದ, ಅದೂ ಸದ್ದಿನ ನೆಪದಲ್ಲಿ. ಗಿರಣಿಯ ಗದ್ದಲದಲ್ಲಿ ಜೀವಮಾನವೆಲ್ಲ ಕೂಗಿಯೇ ಮಾತಾಡಿ ಕಿವಿ ಅರ್ಧ ಕಳೆದುಕೊಂಡ ಮನುಷ್ಯ, ಪಕ್ಕದ ಮನೆಯ ಸಪ್ಪಳದಿಂದ ತನ್ನ ನಿದ್ದೆ ಕೆಟ್ಟಿದೆ ಎಂದು ಬರೆಸಿದ.

ರಾಯರಿಗೆ ಹಬ್ಬವಾಯಿತು. ಬಹಳ ವರ್ಷಗಳ ಮೇಲೆ ಅವರಿಗೆ ನಿಂತು ವಾದಿಸುವಂಥ ಒಂದು ಕೇಸು ಸಿಕ್ಕಿತ್ತು. ತಮ್ಮ ಪರ ತಾವೇ ನಿಂತರು. ಲಿಖಿತ ಉತ್ತರದಲ್ಲಿ ಅವರು ಹೂಡಿದ ವಾದ ಚಿಕ್ಕದು, ಚೊಕ್ಕದು: ಈ ಯಂತ್ರಗಳು ಹಳೆಯ ಮೋಡಕಾ ಸಾಮಾನು, ಎಂದೋ ಕೆಟ್ಟುನಿಂತಿವೆ, ನೋಡಲಿಕ್ಕೆಂದು ಇಟ್ಟಿದ್ದು; ಓಡದ ಯಂತ್ರಕ್ಕೆ ಸದ್ದೆಲ್ಲಿಂದ ಬರಬೇಕು? ಪದ್ಮಾಬಾಯಿಗೆ ಓದಿ ತೋರಿಸಿದರು.

"ಓಣಿಗೆ ಓಣೀನ ಸಪ್ಪಳ ಕೇಳೇದಲ್ರೀ," ಎಂದರು ಆಕೆ.

"ಕೇಳಿದ್ದು ಬ್ಯಾರೆ, ಕೋರ್ಟಿನಾಗ ಸಿದ್ಧ ಆಗೂದು ಬ್ಯಾರೆ."

ನೀಲಪ್ಪನಿಗೆ ಹೇಳಬೇಕಾದ್ದನ್ನೆಲ್ಲ ಗಿಳಿಗೆ ಕಲಿಸಿದಂತೆ ಕಲಿಸಿದರು. ವಿಚಾರಣೆಯ ದಿನ ಕೋರ್ಟು ತುಂಬಿತ್ತು. ಹಿಟ್ಟು ಬೀಸಿಸಲು ಬಂದವರೂ ಬುಟ್ಟಿ ಹಿಡಿದೇ ಬಂದು ನಿಂತಿದ್ದರು. ನೀಲಪ್ಪ ಕಟಕಟೆ ಹತ್ತಿದ. ಹೊಳಬಸಪ್ಪನ ಪರ ಬಂದಿದ್ದ ಹಿರಿಯ ವಕೀಲರು ಮೆತ್ತಗೆ ಕೇಳಿದರು.

"ಏನಪಾ, ಆ ಮಷೀನು ಓಡ್ತಾವೇನು?"

"ಇಲ್ರಿ. ಸತ್ತಾವ್ರಿ."

"ನೀ ದೊಡ್ಡ ಮೆಕ್ಯಾನಿಕ್ ಅಂತ. ನಿನ್ನ ಕೈಯಾಗೂ ಓಡಲಿಲ್ಲೇನು?"

ನೀಲಪ್ಪ ಈ ಪ್ರಶ್ನೆಗೆ ತಯಾರಿರಲಿಲ್ಲ. ಯಂತ್ರ ಸತ್ತಿದೆ ಎನ್ನಲು ಅವನಿಗೆ ಅಡ್ಡಿಯಿರಲಿಲ್ಲ. ತನ್ನ ಕೈಯಲ್ಲಿ ಸತ್ತಿತು ಎನ್ನಲು ಆಗಲಿಲ್ಲ. ಆಡೂರಿನಿಂದ ಅವನ ಬೀಗರೂ ಬಂದು ಕೂತಿದ್ದರು.

"ನನ್ನ ಕೈಯಾಗ ಓಡ್ತಿದ್ದವ್ರಿ. ಈ ರಾಯರು ಕೈ ಹಾಕಿ ಕೆಡಿಸಿದ್ರು. ವಾಲ್ವ್ ತಿರುವಿ ಹಾಕ್ಯಾರ್ರಿ. ಬ್ಯಾಡ್ರಿ ಅಂತ ಎಷ್ಟು ಬಡಕೊಂಡೆ, ಕೇಳಲಿಲ್ಲ. ಈಗ ಆ ಮಷೀನು ಸಣ್ಣ ಹುಡುಗರ ಒಂದು ಪುಗ್ಗಾ ಸುದ್ದಾ ಊದೂದಿಲ್ರಿ."

ಜನ ಗೊಳ್ಳೆಂದು ನಕ್ಕರು. ಕೇಸಿನ ದೃಷ್ಟಿಯಿಂದ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ರಾಯರಿಗೆ ಬೇಕಿರಲಿಲ್ಲ. ಸುಮ್ಮನಿದ್ದಿದ್ದರೆ ಗೆಲ್ಲುತ್ತಿದ್ದರು. ಆದರೆ ಅವರ ಮುಖ ಕೆಂಪಾಗಿ, ಆಮೇಲೆ ಕಪ್ಪಾಗಿತ್ತು.

"ಸುಳ್ಳು!" ಎಂದು ಎದ್ದೇಬಿಟ್ಟರು. "ಶುದ್ಧ ಸುಳ್ಳು, ಸಾಹೇಬರ! ವಾಲ್ವ್ ನನ್ನ ಕೈಲೆ ಮಸದೀನಿ. ನೂರಿಪ್ಪತ್ತು ಪೌಂಡ್ ಗಾಳಿ ಹಿಡೀತದ, ಎಳ್ಳಷ್ಟೂ ಸೋರೂದಿಲ್ಲ. ಈಗಿಂದೀಗ ಚಾಲೂ ಮಾಡಿ ತೋರಸ್ತೀನಿ ಬರ್ರಿ. ಅಷ್ಟು ದೂರದ ಯಲವಿಗಿ ರೈಲ್ವೆ ಸ್ಟೇಶನ್ನಿಗೆ ಸಪ್ಪಳ ಮುಟ್ಟಲಿಲ್ಲಂದ್ರ ನನ್ನ ಹೆಸರು ಶ್ರೀಪಾದ ಅಲ್ಲ!"

ಹಿರಿಯ ವಕೀಲರು ಕಾಗದ ಮಡಚಿದರು. "ನನ್ನ ವಾದ ಮುಗೀತ್ರಿ," ಎಂದು ಕೂತರು.

ಮುನ್ಸೀಫರು ಕನ್ನಡಕ ತೆಗೆದು ನೋಡಿದರು. "ಹಾಗಾದರೆ ನೀವು ಲಿಖಿತವಾಗಿ ಕೊಟ್ಟ ಉತ್ತರ?"

"ಅದು ವಕೀಲ ಬರದದ್ದು, ಸಾಹೇಬರ. ಈಗ ಮಾತಾಡ್ಲಿಕ್ಕತ್ತಾಂವ ಮಷೀನಿನ ಮಾಲೀಕ."

ಓಣಿಯಲ್ಲಿ ಯಂತ್ರ ಓಡಿಸಕೂಡದೆಂದು ಆಜ್ಞೆಯಾಯಿತು. ಸುಳ್ಳು ಉತ್ತರ ಕೊಟ್ಟದ್ದಕ್ಕೆ ಮುನ್ಸೀಫರು ತುಂಬಿದ ಸಭೆಯಲ್ಲಿ ಛೀಮಾರಿ ಹಾಕಿದರು. ರಾಯರ ಮುಖದಲ್ಲಿ ಸೋತ ಕಳೆ ಇರಲಿಲ್ಲ. ಹೊರಗೆ ಬಂದವರೇ, ನೂರಿಪ್ಪತ್ತು ಪೌಂಡ್ ಎಂದರೆ ಎಷ್ಟು ಎಂಬುದನ್ನು ಬುಟ್ಟಿಯವರಿಗೆ ವಿವರಿಸುತ್ತ ಮನೆಗೆ ನಡೆದರು. ಆದರೆ ಊರು ತನ್ನದೇ ರೀತಿಯಲ್ಲಿ ಲೆಕ್ಕ ಹಾಕಿತು: ತನ್ನ ಕೇಸಿನಲ್ಲೇ ಒಂದು ಸುಳ್ಳನ್ನು ಕೊನೆತನಕ ಹೇಳಲಾರದವನು ನಮ್ಮ ಕೇಸಿನಲ್ಲಿ ಏನು ಹೇಳಿಯಾನು? ಅಲ್ಲೊಬ್ಬ ಇಲ್ಲೊಬ್ಬ ಉಳಿದಿದ್ದ ಕಕ್ಷಿದಾರರೂ ಕಾಗದಪತ್ರ ವಾಪಸು ಒಯ್ದರು. ಸತ್ಯವಂತ ವಕೀಲನೆಂದು ಹೆಸರು ಬಂದ ಮೇಲೆ ಹಾನಗಲ್ಲಿನಲ್ಲಿ ಆ ಕರಿ ಕೋಟಿಗೆ ಕೆಲಸ ಉಳಿಯಲಿಲ್ಲ.

ಆಡೂರಿನ ದಾರಿಯಲ್ಲಿ, ಮನೆಗಳು ಮುಗಿಯುವಲ್ಲಿ, ರಾಯರು ತಗಡಿನ ಶೆಡ್ ಹಾಕಿದರು. ನೀಲಪ್ಪ ಕೆಲವು ವಾರ ತಲೆತಪ್ಪಿಸಿಕೊಂಡಿದ್ದು, ಒಂದು ದಿನ ಸ್ಪ್ಯಾನರ್ ಹಿಡಿದು ಬಂದು ಏನೂ ಆಗದವನಂತೆ ನಟ್ಟು ಬಿಚ್ಚತೊಡಗಿದ. ಬಯ್ಯಲು ಬೇರೆ ಯಾರೂ ಇಲ್ಲದ್ದರಿಂದ ರಾಯರು ಅವನನ್ನು ಇಟ್ಟುಕೊಂಡರು. ಎಂಬತ್ತರ ದಶಕದಲ್ಲಿ ಮನೆಯಲ್ಲೇ ಬಡಿಗತನ, ಬಣ್ಣದ ಕೆಲಸ ಮಾಡುವವರು ಅಲ್ಲಲ್ಲಿ ಹುಟ್ಟಿಕೊಂಡಿದ್ದರು. ಅಂಥವರು ಹಳೆಯ ಯಂತ್ರ ಕೇಳಿಕೊಂಡು ಬರುತ್ತಿದ್ದರು. ಕೊಳ್ಳಲು ಬಂದವರನ್ನು ರಾಯರು ಪಾಟೀಸವಾಲಿಗೆ ಗುರಿಮಾಡುತ್ತಿದ್ದರು. ಎಣ್ಣೆ ಯಾವಾಗ ಬದಲಿಸುತ್ತೀ, ಟಾಕಿಯ ತಳದ ನೀರು ದಿನವೂ ಬಿಡುತ್ತೀಯೋ ಇಲ್ಲವೋ ಎಂದೆಲ್ಲ ಕೇಳಿ, ಉತ್ತರ ಸೇರದಿದ್ದರೆ ಯಂತ್ರ ಕೊಡುತ್ತಿರಲಿಲ್ಲ. ಅರ್ಧ ಜನ ಹಾಗೇ ತಿರುಗಿ ಹೋಗಿ ಹುಬ್ಬಳ್ಳಿಯಲ್ಲಿ ಹೊಸದನ್ನು ಕೊಳ್ಳುತ್ತಿದ್ದರು.

ಪರೀಕ್ಷೆ ಪಾಸಾದವರಲ್ಲಿ ಹಿರೇಕೆರೂರಿನ ಬಡಿಗ ಭರಮಪ್ಪ ಒಬ್ಬ. ೧೯೮೬ರಲ್ಲಿ ರಾಯರು ತಾವೇ ಹೋಗಿ ಅವನ ಮನೆಯ ಪಡಸಾಲೆಯಲ್ಲಿ ಯಂತ್ರ ಕೂರಿಸಿದರು. ಉಪದೇಶ ಮುಗಿಯುವತನಕ ಭರಮಪ್ಪ ಕೈಕಟ್ಟಿ ನಿಂತಿದ್ದ. ಆಮೇಲೆ, "ಕುಂತ್ಕೋರ್ರಿ ರಾಯರ, ಇದೊಂದು ಮುಗಿಸ್ತೇನಿ," ಎಂದು ಮಗಳ ಬಾಣಂತನಕ್ಕೆಂದು ಮಾಡಿದ್ದ ತೊಟ್ಟಿಲನ್ನು ಎಳೆದು ನಿಲ್ಲಿಸಿ, ಬಣ್ಣದ ಗನ್ನು ಒತ್ತಿದ. ಇನ್ನೂ ಬಣ್ಣ ಕಾಣದ ಕಟ್ಟಿಗೆಯ ಮೇಲೆ ಹಳದಿ ಬಣ್ಣ ತೆಳ್ಳಗೆ ಮಂಜಿನಂತೆ ಕೂತಿತು. ಭರಮಪ್ಪ ತೊಟ್ಟಿಲನ್ನು ತಿರುವಿದ. ಆ ಮಗ್ಗುಲೂ ಹಳದಿಯಾಯಿತು. ತಾವು ಓಡುವಂತೆ ಮಾಡಿದ ಯಂತ್ರವೊಂದು ಇನ್ನೊಂದು ಕಂಪ್ರೆಸ್ಸರನ್ನಲ್ಲದೆ ಬೇರೆ ಏನನ್ನಾದರೂ ಮಾಡುವುದನ್ನು ರಾಯರು ಕಂಡದ್ದು ಅದೇ ಮೊದಲು. ಸಾಯಂಕಾಲದ ಕೊನೆಯ ಬಸ್ಸು ಹಾರನ್ ಹೊಡೆದು ಹೋಯಿತು. ಅವರು ಏಳಲಿಲ್ಲ. ಭರಮಪ್ಪನ ಮನೆಯಲ್ಲೇ ಹಾಸಿಗೆ ಹಾಸಿಸಿಕೊಂಡು ಮರುದಿನ ಊರಿಗೆ ಬಂದರು.

"ಹೆಂಗ ಆತ್ರೀ?" ಎಂದು ಪದ್ಮಾಬಾಯಿ ಕೇಳಿದರು.

"ಏನಾಗೂದು? ಭರಮಪ್ಪಗ ಗನ್ ಹಿಡೀಲಿಕ್ಕೆ ಬರೂದಿಲ್ಲ," ಎಂದರು ರಾಯರು. "ಮುಂದಿನ ವಾರ ಮತ್ತ ಹೋಗಬೇಕು."